ಹೇಳಿದ್ದು ಕೇಳುವ ಮಗು, ಕಂಡದ್ದಕ್ಕೆ ಮಿಡಿಯುವ ಮಗು

2025ರ ಜುಲೈ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಕುಡಿಯುವ ನೀರಿನ ಟ್ಯಾಂಕಿಗೆ ವಿಷ ಬೆರೆಸಿದ ಸುದ್ದಿ ಹೊರಬಿದ್ದಾಗ, ನಾಡಿನ ಗಮನ ಸಹಜವಾಗಿಯೇ ಅದರ ಹಿಂದಿದ್ದ ದೊಡ್ಡವರ ಕಡೆಗೆ ಹೋಯಿತು. ಮುಸ್ಲಿಂ ಸಮುದಾಯಕ್ಕೆ ಸೇರಿದ ಮುಖ್ಯೋಪಾಧ್ಯಾಯರನ್ನು ಆ ಊರಿನಿಂದ ಎತ್ತಂಗಡಿ ಮಾಡಿಸುವುದೇ ಸಂಚಿನ ಉದ್ದೇಶವಾಗಿತ್ತೆಂದು ಪೊಲೀಸರು ಹೇಳಿದರು, ಬಂಧನಗಳಾದವು, ಮುಖ್ಯಮಂತ್ರಿಯವರೂ ಖಂಡಿಸಿದರು. ಹಲವು ಮಕ್ಕಳು ಅಸ್ವಸ್ಥರಾದರಾದರೂ ಯಾವ ಮಗುವಿನ ಜೀವಕ್ಕೂ ಎರವಾಗಲಿಲ್ಲ ಎಂಬುದೊಂದೇ ಸಮಾಧಾನ. ಆದರೆ ಶಿಕ್ಷಣದ ಬಗ್ಗೆ ಯೋಚಿಸುವವರನ್ನು ಕಾಡಬೇಕಾದ ವಿವರ ಬೇರೆಯದು. ಪೊಲೀಸರ ಹೇಳಿಕೆಯ ಪ್ರಕಾರ, ಟ್ಯಾಂಕಿಗೆ ಕೀಟನಾಶಕ ಸುರಿಯಲು ಬಳಸಿಕೊಂಡದ್ದು ಒಬ್ಬ ಬಾಲಕನನ್ನು. ಅದಕ್ಕಾಗಿ ಅವನಿಗೆ ಸಿಕ್ಕದ್ದು ಚಾಕಲೇಟು, ತಿಂಡಿಯ ಪೊಟ್ಟಣ ಮತ್ತು 500 ರೂಪಾಯಿ.

ಆ ಬಾಲಕನನ್ನು ಕ್ರೂರಿ ಎನ್ನಲು ಯಾವ ಆಧಾರವೂ ಇಲ್ಲ. ದೊಡ್ಡವರೊಬ್ಬರು ಕೆಲಸ ಹೇಳಿದರು, ಕೈಗೆ ತಿನಿಸು ಕೊಟ್ಟರು, ಅವನು ಮಾಡಿದ. ನಮ್ಮ ಕಡೆಯ ಮನೆಗಳಲ್ಲಿ, ಶಾಲೆಗಳಲ್ಲಿ ಮಕ್ಕಳು "ಶಾಣ್ಯಾ ಹುಡುಗ" ಎಂದು ಬೆನ್ನು ತಟ್ಟಿಸಿಕೊಳ್ಳುವುದು ಬಹುಪಾಲು ಇಂಥ ಗುಣಕ್ಕಾಗಿಯೇ ಅಲ್ಲವೇ? ಹಿರಿಯರು ಹೇಳಿದ್ದನ್ನು ಎದುರಾಡದೆ ಮಾಡಬೇಕು, ಯಾಕೆ ಎಂದು ಕೇಳಬಾರದು, ಕೊಟ್ಟದ್ದನ್ನು ತಿಂದು ಸುಮ್ಮನಿರಬೇಕು. ಮಕ್ಕಳಿಗೆ ದಯೆಯನ್ನು ಕಲಿಸುತ್ತಿದ್ದೇವೆ ಎಂದುಕೊಂಡು ನಾವು ಬಹುಮಟ್ಟಿಗೆ ಕಲಿಸುತ್ತಿರುವುದು ವಿಧೇಯತೆಯನ್ನು ಎಂಬುದು ಈ ಲೇಖನದ ವಾದ. ಇವೆರಡೂ ಒಂದೇ ಅಲ್ಲ; ಕೆಲವು ಹೊತ್ತಿನಲ್ಲಿ ಒಂದಕ್ಕೊಂದು ಎದುರಾಗಿಯೇ ನಿಲ್ಲುತ್ತವೆ. ಟ್ಯಾಂಕಿನ ಮುಂದೆ ನಿಂತ ಮಗುವಿಗೆ "ಈ ನೀರನ್ನು ಕುಡಿಯುವವರು ಯಾರು?" ಎಂಬ ಪ್ರಶ್ನೆ ತಾನಾಗಿ ಏಳಬೇಕಾದರೆ, ಅದಕ್ಕಿಂತ ಮುಂಚೆ ಎಷ್ಟೋ ಸಲ, ಎಷ್ಟೋ ಚಿಕ್ಕ ವಿಷಯಗಳಲ್ಲಿ ಆ ಪ್ರಶ್ನೆಯನ್ನು ಕೇಳಿ ಅಭ್ಯಾಸವಾಗಿರಬೇಕು.

ಶಾಲೆಗಳಲ್ಲಿ ನೈತಿಕ ಶಿಕ್ಷಣಕ್ಕೆ ಪ್ರತ್ಯೇಕ ಪೀರಿಯಡ್ ಬೇಕೆಂಬ ಮಾತು ರಾಜ್ಯದಲ್ಲಿ ಪಕ್ಷಭೇದವಿಲ್ಲದೆ ಮತ್ತೆ ಮತ್ತೆ ಕೇಳಿಬರುತ್ತಿರುವ ಈ ಹೊತ್ತಿನಲ್ಲಿ ಇದನ್ನು ಬಿಡಿಸಿ ನೋಡುವ ಅಗತ್ಯವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಣದ ಗುರಿಯನ್ನು ಹೇಳುವಾಗ ವಿವೇಚನೆಯ ಜೊತೆಗೇ ಕರುಣೆ ಮತ್ತು ಸಹಾನುಭೂತಿಗಳನ್ನೂ ಹೆಸರಿಸುತ್ತದೆ. ಅದಕ್ಕೂ ಮೊದಲೇ, 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 51ಎ ವಿಧಿಯು ಜೀವಿಗಳ ಬಗ್ಗೆ ದಯೆ ತೋರುವುದನ್ನು ಪ್ರತಿ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದನ್ನಾಗಿಸಿದೆ. ಹಾಗಾಗಿ ದಯೆ ಶಾಲೆಗೆ ಬೇಕೋ ಬೇಡವೋ ಎಂಬುದರಲ್ಲಿ ತಕರಾರಿಲ್ಲ. ಅದು ವೇಳಾಪಟ್ಟಿಯ ಒಂದು ಪೀರಿಯಡ್ಡಿನಲ್ಲಿ ಹಿಡಿಸುವ ವಸ್ತುವೇ ಎಂಬುದು ಪ್ರಶ್ನೆ.

ಮಕ್ಕಳ ಮನಸ್ಸಿನ ಬಗ್ಗೆ ನಡೆದಿರುವ ಸಂಶೋಧನೆಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತ ವ್ಯಕ್ತಿಯೊಬ್ಬನ ಕೈಯಿಂದ ವಸ್ತು ಜಾರಿ ಬಿದ್ದು, ಅವನು ಅದನ್ನು ಎಟುಕಿಸಿಕೊಳ್ಳಲಾಗದೆ ಒದ್ದಾಡುವುದನ್ನು ಕಂಡ 18 ತಿಂಗಳ ಕೂಸುಗಳು, ಯಾರೂ ಹೇಳದೆಯೇ ತೊದಲಹೆಜ್ಜೆ ಇಟ್ಟು ಹೋಗಿ ಎತ್ತಿಕೊಟ್ಟವು. ಅದೇ ವ್ಯಕ್ತಿ ಬೇಕೆಂದೇ ವಸ್ತುವನ್ನು ಎಸೆದಾಗ ಮಾತ್ರ ಅವು ಅಷ್ಟಾಗಿ ಹೋಗಲಿಲ್ಲ. ಅಂದರೆ ಮಾತು ಸರಿಯಾಗಿ ಬರುವ ಮೊದಲೇ, ಎದುರಿನವರಿಗೆ ಏನು ಬೇಕಾಗಿದೆ ಎಂಬುದನ್ನು ಗುರುತಿಸುವ ಶಕ್ತಿಯೂ ಅದಕ್ಕೆ ಸ್ಪಂದಿಸುವ ಆಸೆಯೂ ಮಗುವಿನಲ್ಲಿರುತ್ತವೆ. ಎರಡು ವರ್ಷಗಳ ನಂತರ ಇದೇ ಜೋಡಿ ಇನ್ನೊಂದು ಸಂಗತಿಯನ್ನು ತೋರಿಸಿತು. ಸಹಾಯ ಮಾಡಿದಾಗಲೆಲ್ಲ ಬಹುಮಾನವಾಗಿ ಆಟಿಕೆ ಪಡೆದ 20 ತಿಂಗಳ ಮಕ್ಕಳು, ಬಹುಮಾನ ನಿಂತ ಮೇಲೆ ಮೊದಲಿನಷ್ಟು ಸಹಾಯ ಮಾಡಲಿಲ್ಲ; ಏನೂ ಕೊಡದೆ ಬಿಟ್ಟ ಮಕ್ಕಳು ಮೊದಲಿನಂತೆಯೇ ಮಾಡುತ್ತಿದ್ದರು. ಒಳ್ಳೆಯ ಕೆಲಸಕ್ಕೆ ಸ್ಟಾರು ಅಂಟಿಸುವ, ಪ್ರಾರ್ಥನೆಯ ಹೊತ್ತಿಗೆ ಚಪ್ಪಾಳೆ ಹೊಡೆಸುವ, ಫೋಟೊ ತೆಗೆದು ಪಾಲಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಶಾಲೆಗಳು ಈ ಫಲಿತಾಂಶವನ್ನು ತುಸು ಯೋಚಿಸಿ ನೋಡಬೇಕು.

ಹಾಗಾದರೆ ಹುಟ್ಟಿನಿಂದ ಬಂದದ್ದು ಹತ್ತು ವರ್ಷದ ಹೊತ್ತಿಗೆ ಎಲ್ಲಿ ಹೋಗುತ್ತದೆ? ಒಂದು ಉತ್ತರ, ಅವಸರ. 1973ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬವರು ಪಾದ್ರಿಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಪಕ್ಕದ ಕಟ್ಟಡಕ್ಕೆ ಹೋಗಿ ಉಪನ್ಯಾಸ ಕೊಡಬೇಕೆಂದು ಅವರನ್ನು ಕಳಿಸಿ, ದಾರಿಯಲ್ಲಿ ನರಳುತ್ತ ಬಿದ್ದಂತೆ ನಟಿಸುವ ಒಬ್ಬನನ್ನು ಕೂರಿಸಿದ್ದರು. ಕೆಲವರಿಗೆ ಕೊಟ್ಟಿದ್ದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ದಯಾಳುವಿನ ಬೈಬಲ್ ಕಥೆ. ಆದರೂ ಯಾರು ನಿಂತರು, ಯಾರು ದಾಟಿಹೋದರು ಎಂಬುದನ್ನು ಮುಖ್ಯವಾಗಿ ನಿರ್ಧರಿಸಿದ್ದು ವಿಷಯವಲ್ಲ, ಸಮಯ. ಬಿಡುವಿದೆ ಎಂದು ತಿಳಿದಿದ್ದವರಲ್ಲಿ ಶೇ 63ರಷ್ಟು ಮಂದಿ ನೆರವಿಗೆ ನಿಂತರೆ, ಹೊತ್ತಾಯಿತು ಎಂದು ಓಡುತ್ತಿದ್ದವರಲ್ಲಿ ನಿಂತವರು ಶೇ 10 ಮಾತ್ರ.

ವಿಜಯಪುರದ ಒಂದು ಕೋಚಿಂಗ್ ಕ್ಲಾಸಿನ ಮುಂದೆ ಬೆಳಗಿನ ಹೊತ್ತು ನಿಂತು ನೋಡಿದರೆ ಈ ಪ್ರಯೋಗವನ್ನು ಮತ್ತೆ ಮಾಡುವ ಅಗತ್ಯ ಬೀಳುವುದಿಲ್ಲ. ನವೋದಯ, ಸೈನಿಕ, ಮೊರಾರ್ಜಿ, ಕಿತ್ತೂರು ವಸತಿ ಶಾಲೆಗಳೆಂದು ನಾಲ್ಕೈದು ಪ್ರವೇಶ ಪರೀಕ್ಷೆಗಳನ್ನು ಏಕಕಾಲಕ್ಕೆ ಹೆಗಲ ಮೇಲೆ ಹೊತ್ತ, ನಾಲ್ಕನೆಯ ಐದನೆಯ ಇಯತ್ತೆಯ ಮಕ್ಕಳು ಹೊತ್ತು ಮೂಡುವ ಮೊದಲೇ ಪಾಟಿಚೀಲ ಏರಿಸಿ ಬರುತ್ತಾರೆ. ಒಬ್ಬನ ಚೀಲದ ಜಿಪ್ ಹರಿದು ಕಂಪಾಸು, ಪೆನ್ಸಿಲು, ಬುತ್ತಿ ಡಬ್ಬಿ ರಸ್ತೆಗೆ ಚೆಲ್ಲಿದರೆ ಹಿಂದಿನವರು ಬಳಸಿಕೊಂಡು ಮುಂದೆ ಹೋಗುತ್ತಾರೆ. ಅವರಲ್ಲಿ ದಯೆ ಸತ್ತಿದೆ ಎಂದಲ್ಲ. ತಡವಾದರೆ ಹೊರಗೆ ನಿಲ್ಲಿಸುತ್ತಾರೆ, ಪಕ್ಕದವನು ಹಿಂದೆ ಬಿದ್ದರೆ ತನ್ನ ಸೀಟು ಹತ್ತಿರವಾಗುತ್ತದೆ ಎಂಬ ಲೆಕ್ಕವನ್ನು ದೊಡ್ಡವರೇ ಆ ವಯಸ್ಸಿಗೆ ಹೇಳಿಕೊಟ್ಟಿದ್ದಾರೆ. ಬಡ ರೈತನ ಮಗನಿಗೆ ಆ ಸೀಟು ನಿಜಕ್ಕೂ ಬದುಕನ್ನೇ ಬದಲಿಸಬಲ್ಲದು ಎಂಬುದೂ ಅಷ್ಟೇ ಸತ್ಯ, ಆದ್ದರಿಂದ ಪಾಲಕರನ್ನು ಹಳಿದು ಪ್ರಯೋಜನವಿಲ್ಲ. ಆದರೆ ದಿನದ ಹೊತ್ತೆಲ್ಲವನ್ನೂ ಸ್ಪರ್ಧೆಗೆ ಕೊಟ್ಟು, ವಾರಕ್ಕೊಂದು ಪೀರಿಯಡ್ಡಿನಲ್ಲಿ ಪರೋಪಕಾರದ ಪಾಠ ಮಾಡಿದರೆ ಏನಾಗುತ್ತದೆ ಎಂಬುದನ್ನು ಪ್ರಿನ್ಸ್‌ಟನ್ನಿನ ಆ ವಿದ್ಯಾರ್ಥಿಗಳು ಐವತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ.

ಮಾತಿನ ದಯೆಗೆ ನಮ್ಮ ನೆಲದಲ್ಲಿ ಬರವಿಲ್ಲ. ಬಸವಣ್ಣನವರು ಹುಟ್ಟಿದ ಬಸವನಬಾಗೇವಾಡಿ ವಿಜಯಪುರ ಜಿಲ್ಲೆಯಲ್ಲಿದೆ, ಐಕ್ಯಸ್ಥಳವಾದ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿದೆ; ತಾಳೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಹುಡುಕಿ ಅಚ್ಚು ಹಾಕಿಸಿದ ಫ.ಗು. ಹಳಕಟ್ಟಿಯವರು ಬಾಳಿದ್ದು ವಿಜಯಪುರದಲ್ಲಿ. ದಯವೇ ಧರ್ಮದ ಮೂಲ ಎನ್ನುವ ವಚನ ಬೆಳಗಾವಿಯೂ ಸೇರಿ ಈ ಮೂರೂ ಜಿಲ್ಲೆಗಳ ಮಕ್ಕಳಿಗೆ ಬಾಯಿಪಾಠ. ಕಂಠಪಾಠ ಸ್ಪರ್ಧೆಯಲ್ಲಿ ಅದನ್ನು ಒಂದೂ ಅಕ್ಷರ ತಪ್ಪದೆ ಹೇಳಿ ಪ್ರಥಮ ಬಹುಮಾನ ಪಡೆದ ಮಗು, ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕ ಕೂರಬೇಕು, ಯಾರ ಪಕ್ಕ ಕೂರಬಾರದು ಎಂಬುದನ್ನು ಮನೆಯಿಂದಲೇ ಕಲಿತು ಬಂದಿರುತ್ತದೆ. ಅಡುಗೆಯವರ ಜಾತಿ ನೋಡಿ ಮಕ್ಕಳನ್ನು ಊಟಕ್ಕೆ ಕಳಿಸದ ಪಾಲಕರು ರಾಜ್ಯದಲ್ಲಿ ಇನ್ನೂ ಇದ್ದಾರೆ. ಮಗು ಇವೆರಡನ್ನೂ ಒಟ್ಟಿಗೆ ನೋಡುತ್ತದೆ ಮತ್ತು ಯಾವುದು ಹೇಳಲಿಕ್ಕೆ, ಯಾವುದು ಮಾಡಲಿಕ್ಕೆ ಎಂಬುದನ್ನು ಬಹಳ ಬೇಗ ಅರ್ಥ ಮಾಡಿಕೊಳ್ಳುತ್ತದೆ.

ಆದ್ದರಿಂದಲೇ ಬಿಸಿಯೂಟದ ತಟ್ಟೆ ಯಾವ ನೀತಿಪಾಠಕ್ಕಿಂತಲೂ ದೊಡ್ಡ ಪಾಠವಾಗಬಲ್ಲದು. 2021ರ ಡಿಸೆಂಬರಿನಲ್ಲಿ ವಿಜಯಪುರವೂ ಸೇರಿದಂತೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡುವ ಕಾರ್ಯಕ್ರಮ ಶುರುವಾಗಿ, ಮುಂದೆ ರಾಜ್ಯಕ್ಕೆಲ್ಲ ಹಬ್ಬಿತು. ದೊಡ್ಡವರ ಲೋಕದಲ್ಲಿ ಅದಕ್ಕೆ ಪರ-ವಿರೋಧದ ಗದ್ದಲ ಬೇಕಷ್ಟು ಆಯಿತು. ಶಾಲೆಯ ಪಡಸಾಲೆಯಲ್ಲಿ ಮಾತ್ರ ಮೊಟ್ಟೆ ಸುಲಿಯುವ ಮಗು ಮತ್ತು ಬಾಳೆಹಣ್ಣು ಸುಲಿಯುವ ಮಗು ಒಂದೇ ಪಟ್ಟಿಯ ಮೇಲೆ ಕೂತರು. ಈ ಎರಡು ಮಕ್ಕಳನ್ನು ಎರಡು ಸಾಲು ಮಾಡಿ ಕೂರಿಸುವ ಶಾಲೆ ಒಂದು ಪಾಠ ಕಲಿಸುತ್ತದೆ, ಒಂದೇ ಸಾಲಿನಲ್ಲಿ ಕೂರಿಸಿ "ಅವನ ತಾಟು ಅವನದು, ನಿನ್ನ ತಾಟು ನಿನ್ನದು, ಮೂಗು ಮುರೀಬ್ಯಾಡ" ಎನ್ನುವ ಶಾಲೆ ಇನ್ನೊಂದನ್ನು ಕಲಿಸುತ್ತದೆ. ಎರಡಕ್ಕೂ ಪಠ್ಯಪುಸ್ತಕ ಬೇಕಿಲ್ಲ.

ಇನ್ನು ಶಿಸ್ತಿನ ಮಾತು. "ಛಡಿ ಛಂ ಛಂ, ವಿದ್ಯಾ ಘಂ ಘಂ" ಎಂದು ನಗುತ್ತ ಹೇಳುವ ತಲೆಮಾರು ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದ ಮೇಲೆ ಛಡಿ ಹಲವು ಕಡೆ ಮೂಲೆಗೆ ಸರಿದಿದೆ, ನಿಜ. ಆದರೆ ಅದರ ಜಾಗಕ್ಕೆ ಏನು ಬಂದಿದೆ ಎಂದು ನೋಡಿದರೆ, ಬೈಗುಳ ಮತ್ತು ಅಪಮಾನ. ಮಾರ್ಟಿನ್ ಹಾಫ್‌ಮನ್ ಎಂಬ ಮನೋವಿಜ್ಞಾನಿ ಹಲವು ದಶಕಗಳ ಕಾಲ ಅಭ್ಯಾಸ ಮಾಡಿದ್ದು ಇದನ್ನೇ: ತಪ್ಪು ಮಾಡಿದ ಮಗುವಿಗೆ ತನ್ನ ಬಲ ತೋರಿಸುವ ಪಾಲಕರಿಗಿಂತ, ಆ ಕೃತ್ಯದಿಂದ ಇನ್ನೊಬ್ಬರಿಗೆ ಏನಾಯಿತು ಎಂಬುದರ ಕಡೆಗೆ ಮಗುವಿನ ಗಮನ ತಿರುಗಿಸುವ ಪಾಲಕರ ಮಕ್ಕಳಲ್ಲಿ ಪರರ ನೋವಿನ ಅರಿವು ಹೆಚ್ಚು ಬೆಳೆಯುತ್ತದೆ. ಕಾರಣ ಸರಳ. ಪೆಟ್ಟು ತಿಂದ ಮಗುವಿನ ಗಮನ ತನ್ನ ಕೆನ್ನೆಯ ಮೇಲಿರುತ್ತದೆ. ತಾನು ನೋಯಿಸಿದವನ ಮುಖ ಅದಕ್ಕೆ ಕಾಣುವುದೇ ಇಲ್ಲ.

ಒಂದು ಸಾಮಾನ್ಯ ಪ್ರಸಂಗವನ್ನೇ ತೆಗೆದುಕೊಳ್ಳಬಹುದು. ಮೂರನೆಯ ಇಯತ್ತೆಯ ಹುಡುಗ ಪಕ್ಕದವನನ್ನು ನೂಕಿದ್ದಾನೆ, ಬಿದ್ದವನ ಮೊಣಕಾಲು ತರಚಿದೆ. ರೂಢಿಯ ದಾರಿಯೆಂದರೆ ನೂಕಿದವನಿಗೆ ಎರಡು ಬಿಗಿದು, "ಕ್ಷಮಾ ಕೇಳು" ಎಂದು ಗದರಿಸಿ, ಅವನು ನೆಲ ನೋಡುತ್ತ ಗೊಣಗಿದ ಶಬ್ದವನ್ನು ಪಶ್ಚಾತ್ತಾಪವೆಂದು ಒಪ್ಪಿಕೊಂಡು ಪಾಠ ಮುಂದುವರಿಸುವುದು. ಇನ್ನೊಂದು ದಾರಿಯಲ್ಲಿ ಅಕ್ಕೋರು ಅವನನ್ನು ಬಿದ್ದವನ ಹತ್ತಿರ ಕರೆತಂದು, "ನೋಡಪಾ, ಅವನ ಮೊಣಕಾಲಾಗ ರಕ್ತ ಬಂದೈತಿ. ಈಗ ಏನ ಮಾಡೋಣು?" ಎಂದು ಕೇಳುತ್ತಾರೆ. ಉತ್ತರಕ್ಕೆ ಕಾಯುತ್ತಾರೆ. ಹುಡುಗ ನೀರು ತರುತ್ತಾನೆ, ತೊಳೆಯಲು ಕೈ ಹಚ್ಚುತ್ತಾನೆ, ಬಿದ್ದವನು ಮೊದಮೊದಲು ಬೇಡ ಎನ್ನುತ್ತಾನೆ, ಆಮೇಲೆ ಕಾಲು ಚಾಚುತ್ತಾನೆ. ಇದಕ್ಕೆ ಏಳೆಂಟು ನಿಮಿಷ ಬೇಕಾಗುತ್ತದೆ, ಛಡಿಗೆ ಅರ್ಧ ನಿಮಿಷ ಸಾಕು. ಒಂದೇ ಕೋಣೆಯಲ್ಲಿ ಎರಡು ಮೂರು ಇಯತ್ತೆಗಳನ್ನು ಸಂಭಾಳಿಸಿ, ಮೊಟ್ಟೆಯ ಲೆಕ್ಕ ಬರೆದು, ಆನ್‌ಲೈನ್ ಮಾಹಿತಿ ತುಂಬಿ, ಗಣತಿಗೂ ಹೋಗಿಬರುವ ಶಿಕ್ಷಕರಿಗೆ ಆ ಏಳು ನಿಮಿಷ ಎಲ್ಲಿಂದ ಬರಬೇಕು ಎಂದು ಕೇಳಿದರೆ ಉತ್ತರ ಸುಲಭವಲ್ಲ. ಮಕ್ಕಳಿಗೆ ದಯೆ ಕಲಿಸಿ ಎಂದು ಸುತ್ತೋಲೆ ಕಳಿಸುವ ಇಲಾಖೆ, ಶಿಕ್ಷಕರ ಮೇಲಿನ ಹೊರೆಯನ್ನು ಇಳಿಸುವ ಬಗ್ಗೆ ಅದೇ ಸುತ್ತೋಲೆಯಲ್ಲಿ ಒಂದು ಸಾಲನ್ನಾದರೂ ಬರೆಯಬೇಕು.

ಶಾಲೆಯ ನಿತ್ಯದ ಕ್ರಮಗಳಲ್ಲೇ ಅಡಗಿರುವ ಕಾಠಿಣ್ಯ ಇನ್ನೊಂದು ಬಗೆಯದು. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದರೂ, ಅದರ ನೋವನ್ನು ಉಂಡ ತಾಯಂದಿರು ಮತ್ತು ಅವರ ಮಕ್ಕಳು ಈ ಭಾಗದಲ್ಲಿ ಇದ್ದಾರೆ. ಜೂನ್ ತಿಂಗಳಲ್ಲಿ ತುಂಬಿದ ತರಗತಿಯಲ್ಲಿ ಅರ್ಜಿ ಹಿಡಿದು "ಅಪ್ಪನ ಹೆಸರೇನ?" ಎಂದು ಗಟ್ಟಿಯಾಗಿ ಕೇಳುವ ಪದ್ಧತಿ, ಆ ಮಗುವಿಗೆ ನಲವತ್ತು ಮಕ್ಕಳ ಮುಂದೆ ಏನು ಮಾಡುತ್ತದೆ ಎಂದು ಕೇಳುವವರು ಯೋಚಿಸಿರುವುದಿಲ್ಲ. 2025ರಲ್ಲಿ ವಿಧಾನಮಂಡಲವು ಒಪ್ಪಿದ ಹೊಸ ಮಸೂದೆಯು, ದೇವದಾಸಿಯರ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಹೇಳುವಂತೆ ಒತ್ತಾಯಿಸಬಾರದು ಎಂದು ಹೇಳುತ್ತದೆ. ಕಾನೂನು ಇಷ್ಟು ದೂರ ಬಂದ ಮೇಲೆ, ಮೇಷ್ಟ್ರು ಮಗುವನ್ನು ಮೇಜಿನ ಹತ್ತಿರ ಕರೆದು ಮೆಲ್ಲಗೆ ಕೇಳುವಷ್ಟು ದೂರವಾದರೂ ಶಾಲೆ ಬರಬೇಕು. ಉಳಿದ ಮಕ್ಕಳು ಅದನ್ನು ಗಮನಿಸುತ್ತಾರೆ. ಒಬ್ಬರ ಮಾನ ಕಾಯುವುದು ಹೇಗೆ ಎಂಬುದನ್ನು ಹಾಗೆಯೇ ಕಲಿಯುತ್ತಾರೆ.

ಅಡ್ಡಹೆಸರುಗಳದ್ದೂ ಅದೇ ಕಥೆ. ಕುಂಟ, ಮೆಳ್ಳಗಣ್ಣ, ಕರಿಯಾ ಎಂದು ಮಕ್ಕಳಷ್ಟೇ ಅಲ್ಲ, ಕೆಲವೊಮ್ಮೆ ಸಲಿಗೆಯಿಂದ ಶಿಕ್ಷಕರೂ ಕರೆಯುತ್ತಾರೆ, ಎಲ್ಲರೂ ನಗುತ್ತಾರೆ, ಕರೆಸಿಕೊಂಡವನೂ ನಗುತ್ತಾನೆ. ವಿಜಯಪುರದ ತಾಂಡಾಗಳಿಂದ ಬರುವ ಲಂಬಾಣಿ ಮಾತಿನ ಮಗು, ಬೆಳಗಾವಿಯ ಕನ್ನಡ ಶಾಲೆಗೆ ಮರಾಠಿ ಮನೆಯಿಂದ ಬಂದ ಮಗು, ಉರ್ದು ಮನೆಯ ಮಗು ಹೊಸ ಭಾಷೆಯಲ್ಲಿ ಮೊದಲ ವಾಕ್ಯ ಹೇಳಿದಾಗ ಏಳುವ ನಗೆಯನ್ನು ತಡೆಯುವುದೋ ತಾವೂ ಸೇರುವುದೋ ಎಂಬುದನ್ನು ಶಿಕ್ಷಕರು ಒಂದು ಗಳಿಗೆಯಲ್ಲಿ ತೀರ್ಮಾನಿಸುತ್ತಾರೆ. ಭಾಷೆಯ ಹೆಸರಿನಲ್ಲಿ ದೊಡ್ಡವರು ಬಸ್ಸಿಗೆ ಮಸಿ ಬಳಿಯುವ ಜಿಲ್ಲೆಯಲ್ಲಿ ಆ ಗಳಿಗೆ ಚಿಕ್ಕದಲ್ಲ.

ಕಬ್ಬಿನ ಹಂಗಾಮಿನಲ್ಲಿ ಈ ಪ್ರಶ್ನೆ ಇನ್ನಷ್ಟು ಹತ್ತಿರ ಬರುತ್ತದೆ. ಅಕ್ಟೋಬರ್-ನವೆಂಬರಿನಲ್ಲಿ ಕಾರ್ಖಾನೆಗಳು ಶುರುವಾದೊಡನೆ ಅಥಣಿ, ಗೋಕಾಕ, ಮುಧೋಳ, ಜಮಖಂಡಿ ಭಾಗದ ಹೊಲಗಳ ಅಂಚಿನಲ್ಲಿ ಕಬ್ಬು ಕಡಿಯುವ ಗ್ಯಾಂಗುಗಳ ಗುಡಿಸಲುಗಳು ಏಳುತ್ತವೆ. ಆ ಮಕ್ಕಳು ಕೆಲವು ತಿಂಗಳ ಮಟ್ಟಿಗೆ ಹತ್ತಿರದ ಶಾಲೆಗೆ ಬಂದರೆ ಬಂದರು, ಇಲ್ಲವಾದರೆ ಇಲ್ಲ. ಬಂದ ಮಗು ಸಮವಸ್ತ್ರವಿಲ್ಲದೆ ಹಿಂದಿನ ಸಾಲಿನಲ್ಲಿ ಕೂರುತ್ತದೆ, ಹಂಗಾಮು ಮುಗಿದೊಡನೆ ಯಾರಿಗೂ ಹೇಳದೆ ಹೋಗುತ್ತದೆ. "ಬಡವರ ಮೇಲೆ ಕನಿಕರವಿರಲಿ" ಎಂದು ಪ್ರಬಂಧ ಬರೆಯುವ ಮಕ್ಕಳ ಕಣ್ಣ ಮುಂದೆಯೇ ನಡೆಯುವ ಸಂಗತಿ ಇದು. ಆ ಮಗುವಿಗೆ ಶೌಚಾಲಯ ಎಲ್ಲಿದೆ ಎಂದು ತೋರಿಸುವುದು, ನೋಟ್‌ಬುಕ್ಕಿನಲ್ಲಿ ಹಿಂದಿನ ಪಾಠ ಬರೆದುಕೊಡುವುದು, ಕಬಡ್ಡಿಯಲ್ಲಿ ತಂಡಕ್ಕೆ ಕರೆಯುವುದು, ಹೀಗೆ ಒಂದೊಂದು ಹೊಣೆಯನ್ನು ಇಬ್ಬರು ಮಕ್ಕಳಿಗೆ ಹೆಸರು ಹಿಡಿದು ವಹಿಸಿದರೆ, ಪ್ರಬಂಧದ ಅಗತ್ಯ ಅರ್ಧ ಕಡಿಮೆಯಾಗುತ್ತದೆ. ರೊಟ್ಟಿ ಬಡಿಯುವುದನ್ನು ಕೈ ಕಲಿಯುವಂತೆಯೇ ಇದನ್ನೂ ಮಾಡಿ ಮಾಡಿಯೇ ಕಲಿಯಬೇಕು.

ಕೊಡುವುದನ್ನು ಕಲಿಸುವಲ್ಲಿ ನಾವು ಹೆಚ್ಚು ಎಡವುತ್ತೇವೆ. ಬಡ ಮಕ್ಕಳಿಗೆ ನೋಟ್‌ಬುಕ್ ವಿತರಣೆ ಎಂಬ ಬ್ಯಾನರಿನ ಕೆಳಗೆ, ಚೀಲದ ಒಂದು ತುದಿಯನ್ನು ದಾನಿಗಳೂ ಇನ್ನೊಂದು ತುದಿಯನ್ನು ಮಗುವೂ ಹಿಡಿದು ಫೋಟೊ ಆಗುವ ತನಕ ನಿಲ್ಲುವ ದೃಶ್ಯ ಎಲ್ಲರಿಗೂ ಗೊತ್ತು. ಫೋಟೊದವನು "ಸ್ವಲ್ಪ ನಗಪಾ" ಎನ್ನುತ್ತಾನೆ. ಪಡೆದ ಮಗು ಅಲ್ಲಿ ಕಲಿತದ್ದೇನು, ನೋಡುತ್ತಿದ್ದ ಮಕ್ಕಳು ಕಲಿತದ್ದೇನು? ಇದಕ್ಕೆ ತದ್ವಿರುದ್ಧವಾದ ಅನುಭವವೂ ಈ ನಾಡಿನದೇ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಟ್ಟಿಗೇ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಊರೂರುಗಳನ್ನು ನುಂಗಿದಾಗ, ಶಾಲೆಗಳು ಗಂಜಿ ಕೇಂದ್ರಗಳಾದವು, ಒಣಭಾಗದ ಹಳ್ಳಿಗಳಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟುಗಳು ಬಂದವು. ಮನೆಮನೆಯಿಂದ ರೊಟ್ಟಿ ಕೂಡಿಸುವ ಕೆಲಸದಲ್ಲಿ ಮಕ್ಕಳೂ ಓಡಾಡಿದರು. ಆದರೆ ಅದೇ ದಿನಗಳಲ್ಲಿ ಹರಿದ, ತೊಡಲಾಗದ ಹಳೆಯ ಬಟ್ಟೆಗಳ ರಾಶಿಯೂ ಬಂದು ಬಿತ್ತು. ರೊಟ್ಟಿ ಕಳಿಸಿದವರು ನೆರೆಯಲ್ಲಿ ಸಿಕ್ಕವರು ಏನನ್ನು ಉಣ್ಣಬಲ್ಲರು, ಎಷ್ಟು ದಿನ ಇಡಬಲ್ಲರು ಎಂದು ಯೋಚಿಸಿದ್ದರು. ಹರಿದ ಬಟ್ಟೆ ಕಳಿಸಿದವರು ತಮ್ಮ ಟ್ರಂಕು ಖಾಲಿಯಾಗುವುದನ್ನು ಯೋಚಿಸಿದ್ದರು. ಹತ್ತು ವರ್ಷದ ಮಗುವಿಗೆ ಈ ವ್ಯತ್ಯಾಸ ಅರ್ಥವಾಗುತ್ತದೆ, ಬಿಡಿಸಿ ಹೇಳುವವರು ಬೇಕು ಅಷ್ಟೇ. ಕೊಡುವ ಮೊದಲು "ಅವರಿಗೆ ಏನು ಬೇಕು?" ಎಂದು ಕೇಳುವುದು ಮತ್ತು ಕೊಟ್ಟ ಮೇಲೆ ಯಾರಿಗೂ ಹೇಳದೆ ಇರುವುದು, ಇವೆರಡರಲ್ಲಿ ಎರಡನೆಯದು ಈಗಿನ ಕಾಲದಲ್ಲಿ ಹೆಚ್ಚು ಕಷ್ಟ.

ನೋವಿನ ದೃಶ್ಯಗಳನ್ನು ತೋರಿಸಿದರೆ ಮಕ್ಕಳ ಮನಸ್ಸು ಕರಗುತ್ತದೆ ಎಂಬ ನಂಬಿಕೆಯ ಬಗ್ಗೆಯೂ ಎಚ್ಚರ ಬೇಕು. ಜರ್ಮನಿಯ ನರವಿಜ್ಞಾನಿ ತಾನಿಯಾ ಸಿಂಗರ್ ಮತ್ತು ಅವರ ಸಂಗಡಿಗರು ವಯಸ್ಕರ ಮೇಲೆ ನಡೆಸಿದ ಅಧ್ಯಯನಗಳಲ್ಲಿ, ಪರರ ನೋವನ್ನು ತಾನೂ ಅನುಭವಿಸುವ ಅಭ್ಯಾಸವೊಂದನ್ನೇ ಮಾಡಿದವರಲ್ಲಿ ಸಂಕಟ ಹೆಚ್ಚಾಯಿತು. ಅದೇ ಜನರಿಗೆ ನೊಂದವರ ಹಿತವನ್ನು ಬಯಸುವ ಅಭ್ಯಾಸ ಮಾಡಿಸಿದಾಗ ಆ ಸಂಕಟ ತಗ್ಗಿತು. ಮೊಬೈಲಿನಲ್ಲಿ ಅಪಘಾತದ, ಹೊಡೆದಾಟದ ವಿಡಿಯೊಗಳನ್ನು ನಾವು ಊಹಿಸುವುದಕ್ಕಿಂತ ಹೆಚ್ಚಾಗಿ ನೋಡುತ್ತಿರುವ ಮಕ್ಕಳಿಗೆ ಇನ್ನಷ್ಟು ಹೃದಯದ್ರಾವಕ ಚಿತ್ರಗಳನ್ನು ತೋರಿಸುವುದರಿಂದ ಅವರು ಮುಖ ತಿರುಗಿಸುವುದನ್ನು ಕಲಿಯುತ್ತಾರೆ. ಮಾಡಲು ಏನಾದರೂ ಕೆಲಸ ಇಲ್ಲದ ಕನಿಕರವನ್ನು ಮಗುವಿನ ಮೇಲೆ ಹೇರಬಾರದು.

ನೋಡುತ್ತ ನಿಲ್ಲುವ ಈ ರೋಗ ದೊಡ್ಡವರಲ್ಲಿ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಗ್ರಾಮವೊಂದರಲ್ಲಿ ನಡೆದದ್ದು ಸಾಕ್ಷಿ. ಮಗ ತಾನು ಪ್ರೀತಿಸಿದ ಹುಡುಗಿಯೊಡನೆ ಊರು ಬಿಟ್ಟನೆಂದು ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆದರು. ಪ್ರಕರಣವನ್ನು ತಾನಾಗಿ ಕೈಗೆತ್ತಿಕೊಂಡ ಹೈಕೋರ್ಟು, ಹೊಡೆದವರ ಬಗ್ಗೆ ಮಾತ್ರವಲ್ಲ, ತಡೆಯದೆ ನಿಂತು ನೋಡಿದ ಊರವರ ಬಗ್ಗೆಯೂ ಕಟುವಾಗಿ ಮಾತನಾಡಿತು. ಮಕ್ಕಳಿಗೆ ಇಂಥ ಕಡೆ ನುಗ್ಗಿ ತಡೆಯಿರಿ ಎಂದು ಯಾರೂ ಹೇಳಲಾರರು. ಆದರೆ ಓಡಿಹೋಗಿ ನಂಬಿಕೆಯ ದೊಡ್ಡವರಿಗೆ ತಿಳಿಸುವುದು, ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ತುರ್ತು ನೆರವಿನ 112ಕ್ಕೆ ಕರೆ ಮಾಡುವುದು, ತರಗತಿಯಲ್ಲಿ ಒಬ್ಬನನ್ನು ಎಲ್ಲರೂ ಸೇರಿ ಕಾಡುತ್ತಿದ್ದರೆ ಅವನ ಪಕ್ಕ ಹೋಗಿ ಕೂರುವುದು, ಇವನ್ನು ಕಲಿಸಬಹುದು. ಚಾಡಿ ಹೇಳುವುದಕ್ಕೂ ದೂರು ಕೊಡುವುದಕ್ಕೂ ಇರುವ ಅಂತರವನ್ನು ನಮ್ಮ ಶಾಲೆಗಳು ಮಕ್ಕಳಿಗೆ ಬಿಡಿಸಿ ಹೇಳುವುದೇ ಇಲ್ಲ.

ಕೆನಡಾದ ಮೇರಿ ಗಾರ್ಡನ್ 1996ರಲ್ಲಿ ಆರಂಭಿಸಿದ ಒಂದು ಕಾರ್ಯಕ್ರಮ ಇಂದು ಹಲವು ದೇಶಗಳಲ್ಲಿದೆ. ಅಲ್ಲಿ ಹಸುಗೂಸೊಂದು ತನ್ನ ತಾಯಿಯ ಜೊತೆ ವರ್ಷವಿಡೀ ಆಗಾಗ ತರಗತಿಗೆ ಬರುತ್ತದೆ; ಅದು ಯಾಕೆ ಅತ್ತಿತು, ಈಗ ಅದಕ್ಕೆ ಏನು ಬೇಕು ಎಂದು ಮಕ್ಕಳು ಸುತ್ತ ಕೂತು ಗಮನಿಸುತ್ತಾರೆ. ಕಲ್ಪನೆ ಸೊಗಸಾಗಿದೆ. ಆದರೆ ನಮ್ಮ ಓಣಿಗಳಲ್ಲಿ ಕೂಸುಗಳಿಗೆ ಕೊರತೆಯಿಲ್ಲ, ಅವುಗಳನ್ನು ಕಂಕುಳಲ್ಲಿ ಹೊತ್ತು ತಿರುಗುವ ಅಕ್ಕಂದಿರಿಗೂ ಕೊರತೆಯಿಲ್ಲ. ತಾಯಿ ಕಳೆ ತೆಗೆಯಲು ಹೋದಾಗ ತಮ್ಮನನ್ನು ನೋಡಿಕೊಳ್ಳಲು ಶಾಲೆ ಬಿಡುವವಳು ಎಂಟು ವರ್ಷದ ಹುಡುಗಿ. ಅದೇ ಮನೆಯ ಹತ್ತು ವರ್ಷದ ಹುಡುಗ ಕ್ರಿಕೆಟ್ ಆಡುತ್ತಿರುತ್ತಾನೆ. ಆ ಹುಡುಗಿಗೆ ಕರುಣೆಯ ಪಾಠ ಬೇಕಿಲ್ಲ, ಬಿಡುವು ಬೇಕು. ಪಾಠ ಬೇಕಾದದ್ದು ಆ ಹುಡುಗನಿಗೆ. ನಮ್ಮ ಭಾಗದಲ್ಲಿ ದಯೆಯನ್ನು ಕಲಿಸುವ ಯಾವ ಯೋಜನೆಯಾದರೂ, ಗಂಡುಮಕ್ಕಳ ಕೈಗೆ ಕಸಬರಿಗೆ, ನೀರಿನ ಕೊಡ ಮತ್ತು ಅಳುವ ತಮ್ಮನನ್ನು ಕೊಡದಿದ್ದರೆ ಅರೆಬರೆಯೇ ಆಗುತ್ತದೆ. ಶಾಲೆಯಲ್ಲೂ ರಂಗೋಲಿ, ಗುಡಿಸುವುದು, ಬಡಿಸುವುದು ಹುಡುಗಿಯರದು, ಗಂಟೆ ಬಾರಿಸುವುದು ಹುಡುಗರದು ಎಂಬ ಹಂಚಿಕೆ ಎಷ್ಟು ಕಡೆ ಮುರಿದಿದೆ ಎಂದು ಕೇಳಬೇಕಾಗಿದೆ.

ಪ್ರಾಣಿಗಳ ವಿಷಯದಲ್ಲಿ ಮಕ್ಕಳಿಗೆ ನಾವು ತೋರಿಸುವುದು ಇಬ್ಬಂದಿ ನಡೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಎರೆಮಣ್ಣು ತಂದು ಜೋಡೆತ್ತು ಮಾಡಿ ಪೂಜಿಸುತ್ತಾರೆ, ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿಯುತ್ತಾರೆ. ಹಂಗಾಮಿನಲ್ಲಿ ಅದೇ ಎತ್ತು ಅಳತೆ ಮೀರಿ ಕಬ್ಬು ಹೇರಿದ ಚಕ್ಕಡಿಯನ್ನು ಡಾಂಬರು ರಸ್ತೆಯ ಏರಿನಲ್ಲಿ ಎಳೆಯಲಾರದೆ ಮೊಣಕಾಲೂರಿದಾಗ ಬಾರಕೋಲಿನ ಏಟು ಬೀಳುವುದನ್ನೂ ಅವರೇ ನೋಡುತ್ತಾರೆ. ಗಾಡಿಯವನ ಹೊಟ್ಟೆಪಾಡು ಟನ್ನಿನ ಲೆಕ್ಕದಲ್ಲಿದೆ ಎಂಬುದನ್ನೂ ಸೇರಿಸಿಯೇ ಮಕ್ಕಳೊಡನೆ ಈ ಮಾತನ್ನು ಆಡಬೇಕು. ಆಗ ಒಬ್ಬರನ್ನು ಕೆಟ್ಟವರೆಂದು ತೋರಿಸಿ ಕೈತೊಳೆದುಕೊಳ್ಳುವ ಸುಲಭದ ಪಾಠ ಅದಾಗುವುದಿಲ್ಲ. ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವ ಮಣ್ಣಿನ ಬಟ್ಟಲುಗಳ ವಿತರಣೆ ಮಾರ್ಚ್ ತಿಂಗಳಲ್ಲಿ ಸಡಗರದಿಂದ ನಡೆಯುತ್ತದೆ. ಏಪ್ರಿಲ್ ನಡುವಿನ ಹೊತ್ತಿಗೆ, ನೀರು ನಿಜವಾಗಿ ಬೇಕಾದಾಗ, ಬಹುಪಾಲು ಬಟ್ಟಲುಗಳು ಒಣಗಿರುತ್ತವೆ. ವಿತರಣೆಗಿಂತ ದಿನವೂ ಬಟ್ಟಲು ತುಂಬುವ ಸರದಿಯ ಪಟ್ಟಿ ಮುಖ್ಯ, ರಜೆಯಲ್ಲಿ ಆ ಸರದಿ ಯಾರದು ಎಂಬುದು ಇನ್ನೂ ಮುಖ್ಯ.

ಹೊರಗಿನ ಮಾದರಿಗಳು ಇಲ್ಲದಿಲ್ಲ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈನಿಂದ ನರ್ಸರಿಯಿಂದ ಎಂಟನೆಯ ತರಗತಿವರೆಗೆ ಸಂತಸದ ಪಠ್ಯಕ್ರಮ ಶುರುವಾಯಿತು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ರೂಪಿಸಿದ, ಕರುಣೆಯನ್ನೇ ನಡುವಿಟ್ಟ ಪಠ್ಯಕ್ರಮವನ್ನು ದಲೈ ಲಾಮಾ ಅವರ ಸಮ್ಮುಖದಲ್ಲಿ 2019ರ ಏಪ್ರಿಲ್‌ನಲ್ಲಿ ದೆಹಲಿಯಲ್ಲೇ ಬಿಡುಗಡೆ ಮಾಡಲಾಯಿತು. ಅವುಗಳಿಂದ ಕಲಿಯಬಹುದಾದದ್ದನ್ನು ಕಲಿಯಬೇಕು. ಆದರೆ ನಮ್ಮ ಕೈಯಲ್ಲೇ ಇದ್ದು ನಾವೇ ಬಿಟ್ಟುಕೊಡುವ ಒಂದು ಸಾಧನವಿದೆ: ನಲಿ-ಕಲಿ. ಒಂದರಿಂದ ಮೂರನೆಯ ತರಗತಿಯ ತನಕ ಮಕ್ಕಳು ಗುಂಪುಗಳಲ್ಲಿ ಕೂರುವ ಈ ಪದ್ಧತಿಯಲ್ಲಿ, ಶಿಕ್ಷಕರ ಬೆಂಬಲದಿಂದ ಕಲಿಯುವ ಗುಂಪಿನ ಜೊತೆಗೆ ಗೆಳೆಯರ ಬೆಂಬಲದಿಂದ ಕಲಿಯುವ ಗುಂಪೂ ಇದೆ. ಬಲ್ಲ ಮಗು ಬಾರದ ಮಗುವಿಗೆ ಹೇಳಿಕೊಡುವುದು ಅಲ್ಲಿ ಉಪಕಾರವಲ್ಲ, ತರಗತಿಯ ನಿತ್ಯದ ಕೆಲಸ. ನಾಲ್ಕನೆಯ ತರಗತಿಗೆ ಬಂದೊಡನೆ ಬೆಂಚುಗಳು ಸಾಲಾಗುತ್ತವೆ, ಪಕ್ಕದವನಿಗೆ ಹೇಳಿಕೊಡುವುದು ಕಾಪಿ ಎನಿಸಿಕೊಳ್ಳುತ್ತದೆ. ಗೆಳೆಯರ ಬೆಂಬಲದ ಆ ಗುಂಪನ್ನು ಏಳನೆಯ ತರಗತಿಯವರೆಗೆ, ಗಣಿತದಲ್ಲಾದರೂ, ಮುಂದುವರಿಸುವುದು ಹೊಸ ನೀತಿಪುಸ್ತಕ ಅಚ್ಚು ಹಾಕಿಸುವುದಕ್ಕಿಂತ ಅಗ್ಗದ ಕೆಲಸ. ಇಳಕಲ್ಲ, ವಿಜಯಪುರ, ಚಿಕ್ಕೋಡಿಯ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) ಶಿಕ್ಷಕರ ತರಬೇತಿಯಲ್ಲಿ ಇದನ್ನೊಂದು ವಿಷಯವಾಗಿ ಎತ್ತಿಕೊಳ್ಳಬಹುದು.

ನೈತಿಕ ಶಿಕ್ಷಣದ ಪೀರಿಯಡ್ ಬಂದೇ ಬಂದರೆ ಅದರ ಬೆನ್ನಿಗೆ ಮೌಲ್ಯಮಾಪನವೂ ಬರುತ್ತದೆ. ದಯೆಗೆ ಎ, ಬಿ, ಸಿ ಎಂದು ಗ್ರೇಡ್ ಹಾಕಿದ ದಿನ, 20 ತಿಂಗಳ ಕೂಸಿಗೆ ಆಟಿಕೆ ಕೊಟ್ಟವರು ಕಂಡ ಫಲಿತಾಂಶವೇ ಹನ್ನೆರಡು ವರ್ಷದವರಲ್ಲೂ ಕಾಣುವ ಸಾಧ್ಯತೆ ಹೆಚ್ಚು. ಮಕ್ಕಳನ್ನು ಅಳೆಯುವುದಕ್ಕಿಂತ ತರಗತಿಯನ್ನು ಗಮನಿಸುವುದು ಮೇಲು. ನವೆಂಬರಿನಲ್ಲಿ ಬಂದ ಕಬ್ಬಿನ ಗ್ಯಾಂಗಿನ ಮಗು ಜನವರಿಯಲ್ಲಿ ಯಾರ ಪಕ್ಕ ಕೂತು ಉಣ್ಣುತ್ತಿದೆ, ಅಡ್ಡಹೆಸರುಗಳಲ್ಲಿ ಎಷ್ಟು ಬಿದ್ದುಹೋದವು, ಎಂಟು ದಿನ ಗೈರಾದವಳ ಮನೆಗೆ ಹೋಗಿಬಂದವರು ಯಾರು, ಕಸಬರಿಗೆ ಹಿಡಿದ ಹುಡುಗರು ಎಷ್ಟು ಎಂದು ಶಿಕ್ಷಕರು ತಮ್ಮ ಡೈರಿಯಲ್ಲಿ ಗುರುತು ಮಾಡಿಟ್ಟುಕೊಂಡರೆ, ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಯಲ್ಲಿ ಅಂಕಿಅಂಶ ಒಪ್ಪಿಸುವುದರ ಆಚೆಗೂ ಮಾತಾಡಲು ವಿಷಯ ಸಿಗುತ್ತದೆ.